ಎರಡನೆಯ ಗೇಟಿನ ತಪಾಸಣೆ

ಪತ್ರಿಕೆಯ ಆ ಚಿತ್ರದಲ್ಲಿ ಎಲ್ಲವೂ ನಿಂತುಬಿಟ್ಟಿದೆ. ಬಿದಿರಿನ ಗಳಗಳನ್ನು ಅಡ್ಡಡ್ಡ ಕಟ್ಟಿ ಮಾಡಿದ ಪ್ರವೇಶದ್ವಾರ. ಅದರ ಎಡಗಂಬದ ಬುಡದಲ್ಲಿ ಮೊಣಕಾಲೆತ್ತರದ ಒಂದು ರಾಶಿ. ರಾಶಿಯ ತಳದಲ್ಲಿ ನೀರಿನ ಬಾಟಲಿಗಳು, ಕೆಲವು ಇನ್ನೂ ಅರ್ಧ ತುಂಬಿದವು. ಅವುಗಳ ಮೇಲೆ ಮಡಚಿದ ಕೊಡೆಗಳು, ಸ್ಟೀಲಿನ ಡಬ್ಬಿಗಳು, ಮುಚ್ಚಳ ಸಡಿಲಾದ ಒಂದರಿಂದ ಇಣುಕುವ ರೊಟ್ಟಿಯ ಅಂಚು, ಒಂದು ಎಲೆಯಡಿಕೆಯ ಸಂಚಿ, ಯಾವುದೋ ಮಗುವಿನ ಹಾಲಿನ ಬಾಟಲಿ. ಎಲ್ಲದರ ಮೇಲೆ, ಬಿದ್ದರೂ ಇನ್ನೂ ನೆಲೆಯಾಗದ ಹಾಗೆ, ಮಡಿಕೆ ಬಿಚ್ಚುತ್ತಿರುವ ಹಸಿರು ಕುಪ್ಪಸದ ಖಣ. ಖಣಕ್ಕಿಂತ ಒಂದು ಗೇಣು ಮೇಲೆ, ಗಾಳಿಯಲ್ಲಿ, ಆ ಕ್ಷಣಕ್ಕೆ ಸಿಕ್ಕಿಬಿದ್ದ ಅಕ್ಕಿಯ ಕಾಳುಗಳು. ನೆಲ ಮುಟ್ಟದ, ಇನ್ನೆಂದೂ ಮುಟ್ಟಲಾರದ ಒಂದು ಸಣ್ಣ ಬಿಳಿ ತುಂತುರು. ಚಿತ್ರದ ಬಲ ಅಂಚಿನಿಂದ ಒಂದು ಕೈ ಮಾತ್ರ ಒಳಗೆ ಬಂದಿದೆ. ಅರಿವೆಯ ಚೀಲವೊಂದರ ತಳ ಹಿಡಿದು ಅದನ್ನು ಬೋರಲು ಮಾಡಿದ ಕೈ. ಮುಖವಿಲ್ಲ, ಮೈಯಿಲ್ಲ. ಮಣಿಕಟ್ಟಿನಲ್ಲಿ ಒಂದು ಗಡಿಯಾರವಿದೆ, ಹನ್ನೊಂದೂವರೆ ತೋರಿಸುತ್ತಿದೆ. ಕೆಳಗೆ ಅಚ್ಚಾದ ಸಾಲು: ‘ಗೋಕಾಕದ ಸಮಾವೇಶದಲ್ಲಿ ಮಾದರಿ ಶಿಸ್ತು, ಎರಡನೆಯ ಗೇಟಿನಲ್ಲಿ ಚೀಲಗಳ ತಪಾಸಣೆ.’

ಗಡಿಯಾರದ ಗುರುತು ಹಿಡಿದವಳು ನಾಗರತ್ನಾ. ಸಾಲೆಯವರು ನಿವೃತ್ತಿಯ ದಿನ ಕೊಟ್ಟ ಗಡಿಯಾರವದು. ‘ನೋಡ್ರಿ, ನಿಮ್ಮ ಕೈ ಪೇಪರಿನ್ಯಾಗ ಬಂದೈತಿ’ ಎಂದು ಮಗುವಿನಂತೆ ನಕ್ಕು, ಚಿತ್ರವನ್ನು ಕತ್ತರಿಸಿ ಕಪಾಟಿನ ಬಾಗಿಲಿಗೆ ಅಂಟಿಸಿದ್ದಳು. ಬೆಳಿಗ್ಗೆ ಅಂಗಿ ತೆಗೆಯಲು ಹೋದಾಗಲೆಲ್ಲ ಸಿದ್ರಾಯ ಮಾಸ್ತರರು ಮೊದಲು ತಮ್ಮ ಕೈಯನ್ನೇ ಎದುರುಗೊಳ್ಳಬೇಕಾಗುತ್ತಿತ್ತು. ಇಂದೂ ಹಾಗೆಯೇ ಆಗಿತ್ತು. ಇಂದು ಘೋಡಗೇರಿಗೆ ಹೋಗುವ ದಿನ. ಅಕ್ಕ ಯಲ್ಲಕ್ಕನ ಗಂಡ ಕಲ್ಲಪ್ಪ ಮಾವ ತೀರಿಕೊಂಡು ಅವನ ದಿವಸದ ಕಾರ್ಯ ಮುಗಿದು ಮೂರು ದಿನವಾಗಿತ್ತು. ತವರಿನವರು ಹೋಗಿ ಸೀರೆ ಉಡಿಸಿ, ಗಂಡ ಸತ್ತವಳನ್ನು ನಾಲ್ಕು ದಿನದ ಮಟ್ಟಿಗೆ ಕರೆದು ತರುವುದು ಪದ್ಧತಿ. ಅವರಿಬ್ಬರೂ ಹುಟ್ಟಿ ಬೆಳೆದ ತುಕ್ಕಾನಟ್ಟಿಯ ಮನೆ ಅವ್ವನೊಂದಿಗೇ ಹೋಯಿತು. ಈಗ ತವರು ಎಂದರೆ ಗೋಕಾಕದ ಈ ಎರಡು ಕೋಣೆಯ ಮನೆ, ಮತ್ತು ಈ ಕೈ.

ಹುಕ್ಕೇರಿ ಬಸ್ಸಿನಲ್ಲಿ ನಾಗರತ್ನಾ ಸೀರೆಯ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆಗೆ ಕೂತಿದ್ದಳು. ‘ಬಣ್ಣ ಗಾಢ ಆತೇನೋ, ಅಕ್ಕ ಏನಂತಾಳೋ’ ಎಂದಳು. ಮತ್ತೆ, ‘ನಾಲ್ಕ ದಿನಾ ಅಂತ ಕರಕೊಂಡು ಬಂದು ಎಂಟ ದಿನಾ ಇಟಗೊಳ್ಳೂಣ್ರಿ. ಆ ಮನ್ಯಾಗ ಒಬ್ಬಾಕೀನ ಗ್ವಾಡಿ ನೋಡ್ಕೋತ ಕುಂಡ್ರಬೇಕಲ್ಲ’ ಎಂದಳು. ಅವರು ಹೂಂ ಎಂದರು. ಕಬ್ಬು ಕಡಿದ ಗದ್ದೆಗಳು ಹಿಂದೆ ಸರಿಯುತ್ತಿದ್ದವು. ಹೂಂ ಎನ್ನುವುದು ಎಷ್ಟು ಸುಲಭವೆಂದು ಅವರಿಗೆ ಇತ್ತೀಚೆಗೆ ತಿಳಿದಿತ್ತು. ಅದು ಮಾತೂ ಅಲ್ಲ, ಮೌನವೂ ಅಲ್ಲ, ನಡುವೆ ಅಡಗಿ ಕೂರಲು ಒಂದು ಸಂದು. ಹದಿನೇಳು ದಿನಗಳಿಂದ ಆ ಸಂದಿನಲ್ಲಿಯೇ ಅವರ ವಾಸ.

ನಿಯಮ ತಪ್ಪಾಗಿರಲಿಲ್ಲ. ಇದನ್ನು ಅವರು ಎಷ್ಟೋ ಸಲ ತಮಗೆ ತಾವೇ ಹೇಳಿಕೊಂಡಿದ್ದರು. ಎಲ್ಲಿಯೋ ಒಂದು ಊರಿನ ನೂಕುನುಗ್ಗಲಲ್ಲಿ ಜನ ಚೀಲ ಎಡವಿ ಬಿದ್ದು, ಬಿದ್ದವರ ಮೇಲೆ ಬಿದ್ದು ಸತ್ತಿದ್ದರು. ಅದರ ನಂತರ ಬಂದ ನಿಯಮ: ಪಾರದರ್ಶಕ ಚೀಲಕ್ಕೆ ಮಾತ್ರ ಪ್ರವೇಶ, ಅದೂ ಒಂದು ಅಡಿಗೆ ಮೀರಬಾರದು, ಆಹಾರ, ಕಾಳು, ತೆಂಗು, ಡಬ್ಬಿ, ಬಾಟಲಿ, ಕೊಡೆ ನಿಷಿದ್ಧ, ಉಳಿದ ಚೀಲಗಳನ್ನು ಬರಿದು ಮಾಡಿ ಹಿಂದಿರುಗಿಸತಕ್ಕದ್ದು. ನಲವತ್ತು ವರ್ಷ ಸಾಲೆಯ ಅಂಗಳದಲ್ಲಿ ಸೀಟಿ ಊದಿ ಸಾಲು ಹಚ್ಚಿದವರಿಗೆ ಇದರಲ್ಲಿ ಒಪ್ಪದಿರುವಂಥದ್ದು ಏನಿತ್ತು? ಸಾಲೆಂದರೆ ಅವರಿಗೆ ಬರಿಯ ಸಾಲಲ್ಲ, ಜಗತ್ತು ಒಂದು ಗಳಿಗೆಯಾದರೂ ಅರ್ಥವಾಗುವ ಹಾಗೆ ನಿಲ್ಲುವ ರೀತಿ. ಸ್ವಯಂಸೇವಕರಲ್ಲಿ ಎರಡನೆಯ ಗೇಟಿಗೆ ಅವರನ್ನೇ ಹಾಕಬೇಕೆಂದು ಸಮಿತಿಯ ದುರ್ಗಪ್ಪ ಹೇಳಿದಾಗ ಒಳಗೊಳಗೆ ಹಿಗ್ಗಿದ್ದರು. ದುರ್ಗಪ್ಪ ಅವರ ಹಳೆಯ ವಿದ್ಯಾರ್ಥಿ. ಆದರೆ ನಿಯಮಕ್ಕೆ ಕೈಯಿಲ್ಲ. ಅದು ಯಾರದಾದರೂ ಕೈಯನ್ನು ಎರವಲು ತೆಗೆದುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಕೈಯನ್ನು ಮಾತ್ರ ಅದರ ಒಡೆಯನಿಗೆ ಬಿಟ್ಟುಹೋಗುತ್ತದೆ.

ಅಂದು ಹನ್ನೊಂದೂವರೆಗೆ ಸ್ವಲ್ಪ ಮೊದಲು ಅವರ ಓಣಿಯ ಮುದುಕನೊಬ್ಬ, ಸಕ್ಕರೆ ಕಾಯಿಲೆಯವನು, ರೊಟ್ಟಿಯ ಗಂಟು ಬಗಲಲ್ಲಿಟ್ಟುಕೊಂಡು ಬಂದಿದ್ದ. ಅವರು ಕಂಡೂ ಕಾಣದಂತೆ ಬಿಟ್ಟಿದ್ದರು. ದುರ್ಗಪ್ಪ ಅದನ್ನು ದೂರದಿಂದ ನೋಡಿ, ಇಬ್ಬರು ಪೋಲೀಸರ ಎದುರು, ನಗುನಗುತ್ತಲೇ ಅಂದಿದ್ದ: ‘ಏನ್ರಿ ಸರ, ಓಣಿ ಮಂದಿ ಬಂದ್ರ ನಿಮಗ ಚೀಲ ಕಾಣೂದಿಲ್ಲೇನ್ರಿ? ನಮಗ ಆವಾಗ ಒಂದ ಉಗುರ ಬೆಳದ್ರೂ ಕಾಣತಿತ್ತಲ್ಲ ನಿಮ್ಮ ಕಣ್ಣಿಗೆ!’ ಪೋಲೀಸರು ನಕ್ಕಿದ್ದರು. ಅವರೂ ನಕ್ಕಿದ್ದರು. ಆ ನಗು ಮುಖದ ಮೇಲೆ ಇನ್ನೂ ಒಣಗದಿರುವಾಗಲೇ, ಸಾಲಿನಲ್ಲಿ ನಾಲ್ಕು ಜನರ ಹಿಂದೆ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡ ಯಲ್ಲಕ್ಕ ಕಾಣಿಸಿದ್ದಳು.

ನಾಲ್ಕು ಜನ. ಒಬ್ಬೊಬ್ಬರ ತಪಾಸಣೆಗೆ ಅರ್ಧ ನಿಮಿಷ. ಎರಡು ನಿಮಿಷ ಎಂಬುದು ಮನುಷ್ಯನಿಗೆ ಕೊಡಬಹುದಾದ ಬಹು ದೊಡ್ಡ ಅವಧಿ. ಅಷ್ಟರಲ್ಲಿ ಯಾವನಾದರೂ ಒಳ್ಳೆಯವನಾಗಬಹುದು. ಅವರು ನೆಲ ನೋಡಿದ್ದರು. ಬಾಜೂ ನಿಂತ ಪೋಲೀಸನ ಬೂಟು ನೋಡಿದ್ದರು. ಅರುವತ್ತು ವರ್ಷದ ಹಿಂದೆ ತುಕ್ಕಾನಟ್ಟಿಯ ಸಾಲೆಯ ಬಾಗಿಲಿನಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಸೊಂಟದಿಂದ ತಮ್ಮನನ್ನು ಇಳಿಸಿ, ಪಾಟಿಯ ಚೀಲವನ್ನು ಅವನ ಹೆಗಲಿಗೆ ತೂಗುಹಾಕಿ, ಒಳಗೆ ಕಾಲಿಡಲು ಹೋದಾಗ ಅಲ್ಲಿನ ಮಾಸ್ತರರು ‘ನೀ ಹೊರಗ ನಿಲ್ಲು’ ಅಂದಿದ್ದರು. ಕುರಿಗಳನ್ನು ಹಳ್ಳದ ದಂಡೆಗೆ ಬಿಟ್ಟು ಬಂದಿದ್ದ ಅವಳು ಸಾಲೆ ಬಿಡುವವರೆಗೂ ಕಿಟಕಿಯ ಹೊರಗೆ ನಿಂತಿದ್ದಳು, ಒಳಗಿನ ಹುಡುಗ ಅಳಬಾರದೆಂದು. ಒಳಗಿನ ಹುಡುಗ ಅಳಲಿಲ್ಲ. ಅವನು ಸ್ವಲ್ಪ ಹೊತ್ತಿಗೇ ಕಿಟಕಿಯ ಕಡೆ ನೋಡುವುದನ್ನು ಬಿಟ್ಟಿದ್ದ. ‘ಮುಂದಿನವರು’ ಎಂದು ಅವರು ಕೂಗಿದ್ದರು. ಮುಂದಿನವಳು ಅವಳೇ.

ಅವಳು ಬಾಯಿ ತೆರೆದಳು. ‘ಸಿದ್ದು’ ಎಂಬುದು ತುಟಿಯವರೆಗೆ ಬಂದದ್ದು ಅವರಿಗೆ ಸ್ಪಷ್ಟವಾಗಿ ಕಂಡಿತು. ಆಗ ಅವರು ಅವಳ ಮುಖದ ಕಡೆಗಲ್ಲ, ಚೀಲದ ಕಡೆಗೆ ಕೈ ಚಾಚಿದರು. ಎಂಟು ಹೆಜ್ಜೆಯಾಚೆ ದುರ್ಗಪ್ಪ ನಿಂತಿದ್ದ. ಅವಳು ಒಮ್ಮೆ ಅವನನ್ನು ನೋಡಿದಳು, ಒಮ್ಮೆ ತಮ್ಮನ ಕೊರಳಿನ ಸೀಟಿಯನ್ನು ನೋಡಿದಳು, ಏನೋ ಅರ್ಥವಾದವಳಂತೆ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು, ‘ತಗೋರಿ ಸರ, ನೋಡ್ರಿ’ ಎಂದಳು. ಎಷ್ಟು ಚೆನ್ನಾಗಿ ನಟಿಸಿದಳು! ಅವರನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು, ಅವರ ಹೇಡಿತನವನ್ನೂ ಹಾಗೆಯೇ ಎತ್ತಿಕೊಂಡಳು.

ಚೀಲ ತೆರೆದಾಗಲೇ ಅವರಿಗೆ ತಿಳಿದಿತ್ತು. ಪಾವು ಅಕ್ಕಿ, ಎರಡು ಕೊಬ್ಬರಿ ಬಟ್ಟಲು, ಐದು ಉತ್ತತ್ತಿ, ಅರಿಷಿಣದ ಬೇರು, ಅಡಿಕೆ, ಹಸಿರು ಖಣ. ಉಡಿಯ ಸಾಮಾನು. ತವರಿಗೆ ಬಂದ ಹೆಣ್ಣುಮಗಳಿಗೆ ತವರಿನವರು ತುಂಬಬೇಕಾದ ಉಡಿಯ ಸಾಮಾನನ್ನು ಅವಳೇ ಕೊಂಡು, ಕಟ್ಟಿ, ತಂದಿದ್ದಳು. ಮೂರು ವಾರದ ಹಿಂದೆ ಫೋನಿನಲ್ಲಿ ಹೇಳಿದ್ದಳು: ಬೆಳಗಾವಿಯ ಡಾಕ್ಟರರು ಕಲ್ಲಪ್ಪ ಮಾವನನ್ನು ಇನ್ನು ಮನೆಗೆ ಕರಕೊಂಡು ಹೋಗ್ರಿ ಅಂದರಂತೆ. ಅವರು ಹೂಂ ಅಂದಿದ್ದರು. ಗಂಡ ಸತ್ತವಳಿಗೆ ಉಡಿಯಿಲ್ಲ. ಅವ್ವ ಹೋದ ಮೇಲೆ ಏಳು ವರ್ಷದಿಂದ ಯಾರೂ ತುಂಬದ ಉಡಿಯನ್ನು, ಇನ್ನು ಉಳಿದ ಕೆಲವೇ ದಿನಗಳಲ್ಲಿ, ಕೊನೆಯ ಸಲ ತವರಿನ ಕೈಯಿಂದ ತುಂಬಿಸಿಕೊಳ್ಳಲು ಬಂದಿದ್ದಳು. ತಮ್ಮನಿಗೆ ಭಾರವಾಗದಿರಲೆಂದು, ತಾನು ನಾಗವ್ವ ಎಂದು ಕರೆಯುವ ನಾಗರತ್ನಾ ಪೇಟೆಗೆ ಓಡಾಡುವಂತಾಗದಿರಲೆಂದು, ಎಲ್ಲವನ್ನೂ ತಾನೇ ಹೊತ್ತು. ಅವರು ತುಂಬಬೇಕಾದದ್ದು ಬರಿಯ ಒಂದು ಬೊಗಸೆ. ಅದನ್ನೂ ಅವಳೇ ಅಳೆದು ತಂದಿದ್ದಳು.

‘ಕಾಳು ನಡೆಯೂದಿಲ್ರಿ. ಕೊಬ್ಬರಿ ನಡೆಯೂದಿಲ್ರಿ’ ಎಂದ ದನಿ ಅವರದೇ. ಬೋರಲು ಮಾಡಿದ ಕೈ ಅವರದೇ. ಖಣವನ್ನೂ ಅರಿಷಿಣವನ್ನೂ ಪಾರದರ್ಶಕ ಚೀಲದಲ್ಲಿ ಹಾಕಿಕೊಡಬಹುದಿತ್ತು, ಸಮಿತಿ ಕೊಟ್ಟ ಚೀಲಗಳು ತೀರಿದ್ದವು. ಒಂದು ಮಾತ್ರ ನಾಗರತ್ನಾಳಿಗೆಂದು ಅವರ ಜೇಬಿನಲ್ಲಿ ಮಡಚಿಕೊಂಡಿತ್ತು. ಜೇಬಿಗೆ ಕೈ ಹೋಗಲಿಲ್ಲ. ಬರಿದಾದ ಚೀಲವನ್ನು ನಾಲ್ಕು ಮಡಿಕೆ ಮಾಡಿ ಅವಳ ಕೈಗಿಟ್ಟರು. ತುಕ್ಕಾನಟ್ಟಿಯ ಮನೆಯಲ್ಲಿ ಯಾರ ಚೀಲವನ್ನೂ ಬರಿದಾಗಿ ಹಿಂದಿರುಗಿಸಿದ್ದಿಲ್ಲ. ಏನೂ ಇಲ್ಲದ ದಿನ ಅವ್ವ ಒಂದು ಉಳ್ಳಾಗಡ್ಡಿಯನ್ನಾದರೂ ಹಾಕುತ್ತಿದ್ದಳು. ತವರಿನ ಕೈ ಹೆಣ್ಣುಮಗಳಿಗೆ ಬರಿ ಚೀಲ ಕೊಟ್ಟರೆ, ಇನ್ನು ಬರಬೇಡ ಎಂದ ಹಾಗೆ. ಹೇಳುವವರೂ ಕೇಳುವವರೂ ಇಬ್ಬರಿಗೂ ತಿಳಿದ ಭಾಷೆ ಅದು. ಹಿಂದಿನ ಸಾಲು ತಳ್ಳಿತು, ಅವಳು ಒಳಗೆ ಹೋದಳು. ಬಳಿಕ ಒಂದು ಸಲ, ಹೆಂಗಸರ ಪಾಳಿಯ ಕೊನೆಯಲ್ಲಿ, ಶಾಮಿಯಾನದ ನೆರಳು ಮುಟ್ಟದ ಕಡೆ, ಆ ಬರಿ ಚೀಲವನ್ನೇ ತಲೆಯ ಮೇಲೆ ಬಿಸಿಲಿಗೆ ಹಿಡಿದುಕೊಂಡು ಕುಳಿತದ್ದು ಕಂಡಿತ್ತು. ಗಣ್ಯರು ಹೊರಡುವವರೆಗೆ ಗೇಟು ತೆರೆಯುವಂತಿರಲಿಲ್ಲ. ಅವಳಿಗೆ ಸಮಾವೇಶ ಬೇಕಾಗಿರಲೇ ಇಲ್ಲ, ನಾಗರತ್ನಾ ಹೊರಗೆ ಹೋಗಿ ಮನೆಗೆ ಬೀಗವಿದ್ದುದರಿಂದ ತಮ್ಮನನ್ನು ಹುಡುಕಿ ಗೇಟಿಗೆ ಬಂದಿದ್ದಳು ಎಂದು ಓಣಿಯವರು ಅವರೊಬ್ಬರಿಗೇ ಹೇಳಿದ್ದು ಸಂಜೆ. ಅಷ್ಟರಲ್ಲಿ ನಗರಸಭೆಯ ಟ್ರ್ಯಾಕ್ಟರು ರಾಶಿಯನ್ನು ಎತ್ತಿಕೊಂಡು ಹೋಗಿತ್ತು. ಅದಾದ ನಾಲ್ಕನೆಯ ದಿನ ಕಲ್ಲಪ್ಪ ಮಾವ ಹೋದ. ಅವನ ಮಣ್ಣಿಗೆ ಇವರು ಹೋದಾಗ ಅವಳನ್ನು ಹೆಂಗಸರು ಸುತ್ತುವರಿದಿದ್ದರು. ನಡುವೆ ಒಂದು ಹಸಿರು ಬಳೆಯ ಚೂರು ಮಾತ್ರ ಅವರ ಕಾಲಬಳಿಗೆ ಸಿಡಿದು ಬಿದ್ದಿತ್ತು.

‘ಬೆಲ್ಲದ ಬಾಗೇವಾಡಿ ಇಳಿಯೋರು!’ ಎಂದು ಕಂಡಕ್ಟರ್ ಕೂಗಿದ. ಅಲ್ಲಿಂದ ಟಂಟಂ ರಿಕ್ಷಾ ಹಿಡಿದು ಘೋಡಗೇರಿಗೆ ಬರುವ ಹೊತ್ತಿಗೆ ಬಿಸಿಲೇರಿತ್ತು. ಯಲ್ಲಕ್ಕನ ಮನೆಯ ಕಟ್ಟೆಯ ಮೇಲೆ ನೆರೆಮನೆಯ ಮುದಕವ್ವ ಕಾಲು ಚಾಚಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ‘ಬರ್ರಿ ಮಾಸ್ತರ, ಬರ್ರಿ. ಬಾರವಾ ನಾಗವ್ವಾ. ಎಟ್ಟ ಸೊರಗೀಯವಾ! ಪ್ಯಾಟಿ ನೀರ ನಿನ್ನ ತಿನ್ನಾಕತ್ತೈತೋ, ನೀ ನೀರ ಕುಡ್ಯಾಕತ್ತೀಯೋ?’ ನಾಗರತ್ನಾ ದುಃಖದ ಮನೆಯೆಂಬುದನ್ನು ಮರೆತು ನಕ್ಕುಬಿಟ್ಟಳು. ಯಲ್ಲಕ್ಕ ಒಳಗಿನಿಂದ ನೀರಿನ ತಂಬಿಗೆ ತಂದಳು. ಬಳೆಯಿಲ್ಲದ ಕೈಯಲ್ಲಿ ತಂಬಿಗೆ ಸದ್ದಿಲ್ಲದೆ ಬಂತು. ಅವಳು ಹಿತ್ತಾಳೆಯಂತೆ ಮಾಸಿದ್ದಳು, ಆದರೆ ಅತ್ತಿರಲಿಲ್ಲ.

ಸೀರೆ ಕೊಟ್ಟದ್ದಾಯಿತು, ಉಟ್ಟದ್ದಾಯಿತು. ಚಹಾ ಬಂತು. ಮುದಕವ್ವನೂ ಒಳಗೆ ಬಂದು ಕಂಬಕ್ಕೊರಗಿ ಕುಳಿತಿದ್ದಳು. ಮಾತಿನ ನಡುವೆ, ಯಾವ ಮುನ್ಸೂಚನೆಯೂ ಇಲ್ಲದೆ ಅಂದಳು:

‘ನಾಗವ್ವಾ, ನಿನ್ನ ಹೊಟ್ಟಿ ತಣ್ಣಗಿರಲಿ. ಕಲ್ಲಪ್ಪ ಭಾಳ ಸಮಾಧಾನದಿಂದ ಹ್ವಾದ ನೋಡು. ನೀ ತುಂಬಿದ್ದ ಉಡಿ ನೋಡಿ ನೋಡಿ ಹ್ವಾದ.’

ನಾಗರತ್ನಾಳ ಚಹಾದ ಬಟ್ಟಲು ಗಾಳಿಯಲ್ಲಿ ನಿಂತಿತು. ‘ನಾನಾ?’

‘ಮತ್ಯಾರು? ಮಂದಿ ಜಾತ್ರಿ ಇದ್ದಂಗ ಇತ್ತಂತ, ಅದರಾಗೂ ಮಾಸ್ತರ ಗೇಟ ಬಿಟ್ಟು ಮನಿಗೆ ಕರಕೊಂಡು ಹೋಗಿ, ನೀ ಕುಂಡ್ರಿಸಿ ತುಂಬಿದೆಂತ. ಸಂಜೀಮುಂದ ಬಂದ್ಲು, ಸೆರಗಿನ್ಯಾಗ ಅಕ್ಕಿ, ಕೊಬ್ಬರಿ, ಕೆಂಪ ಖಣ. ಕಲ್ಲಪ್ಪನ ಎದಿಮ್ಯಾಲ ಹರವಿ ತೋರಿಸಿದ್ಲು. ಅಂವಾ ಒಂದೊಂದ ಉತ್ತತ್ತಿ ಎಣಿಸಿ, ‘ನಾ ಹ್ವಾದ ಮ್ಯಾಲ ನಿನ್ನ ತಮ್ಮ ಅದಾನ ಬಿಡು, ಕೈ ಬಿಡೂದಿಲ್ಲ’ ಅಂದ. ನಾ ಇಲ್ಲೇ ಕುಂತಿದ್ನೆ, ಈ ಕಂಬಕ್ಕ.’

ಕೆಂಪು ಖಣ. ಹಾಗಾದರೆ ದಾರಿಯಲ್ಲಿ, ಬಾಗೇವಾಡಿಯ ಯಾವುದೋ ಅಂಗಡಿಯಲ್ಲಿ, ಅವಳು ಮತ್ತೆ ಎಲ್ಲವನ್ನೂ ಕೊಂಡಿದ್ದಳು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು ತನ್ನ ಕೈಯಿಂದ ತನ್ನ ಸೆರಗಿಗೇ ಸುರುವಿಕೊಂಡಿದ್ದಳು. ಸಿದ್ರಾಯರಿಗೆ ಅದು ಕಂಡಿತು. ಕಾಣದಿರುವ ಶಕ್ತಿಯೊಂದು ಮನುಷ್ಯನಿಗೆ ಇರಬೇಕಾಗಿತ್ತು ಎಂದೆನ್ನಿಸಿತು. ನಾಗರತ್ನಾ ಗಂಡನ ಕಡೆ ತಿರುಗಿದಳು. ಯಲ್ಲಕ್ಕ ಒಲೆಯ ಬೂದಿಯನ್ನು ನೋಡುತ್ತಿದ್ದಳು. ಇದು ಹೂಂ ಎಂಬ ಸಂದಿಲ್ಲದ ಜಾಗ. ಅವರು ನೆಲ ನೋಡಿದರು. ಆ ತಗ್ಗಿದ ಮುಖದಲ್ಲಿಯೇ ನಾಗರತ್ನಾ ಏನನ್ನೋ ಓದಿದಳು. ಎಷ್ಟು ಓದಿದಳೋ. ಬಟ್ಟಲನ್ನು ಮೆಲ್ಲಗೆ ನೆಲಕ್ಕಿಟ್ಟು, ‘ಹೌದ ಮುದಕವ್ವಾ, ನಾನ ತುಂಬಿದ್ದೆ. ಮರತಿದ್ದೆ ನೋಡು’ ಎಂದಳು.

‘ಉಡಿ ತುಂಬಿದ್ದ ಮರೀತಾಳಂತ! ಪ್ಯಾಟ್ಯಾಕಿ’ ಎಂದು ಮುದಕವ್ವ ಗೊಣಗಿದಳು. ನಾಗರತ್ನಾ ಎದ್ದು, ‘ನಡಿ, ನಿಮ್ಮ ಹಿತ್ತಲದಾಗಿನ ಮಲ್ಲಿಗಿ ಬಳ್ಳಿ ತೋರಸ್ತೇನಿ ಅಂದಿದ್ದಿ’ ಎಂದು, ಹಾಗೆಂದೂ ಹೇಳಿರದ ಮುದುಕಿಯ ರಟ್ಟೆ ಹಿಡಿದು ಎಬ್ಬಿಸಿ ಹೊರಗೆ ಕರೆದೊಯ್ದಳು. ಹೋಗುವಾಗ ಗಂಡನ ಕಡೆ ನೋಡಲಿಲ್ಲ.

ಈಗ ಇಬ್ಬರೇ. ಕಲ್ಲಪ್ಪ ಮಾವ ಮಲಗಿದ್ದ ಜಾಗದಲ್ಲಿ ಸಗಣಿ ಸಾರಿಸಿದ ನೆಲ ಉಳಿದ ನೆಲಕ್ಕಿಂತ ಹಸಿಯಾಗಿ, ಒಂದು ಆಳಿನ ಉದ್ದಕ್ಕೆ ಬೇರೆ ಬಣ್ಣದಲ್ಲಿತ್ತು. ಸಿದ್ರಾಯರು ಅದನ್ನು ತುಳಿಯದಂತೆ ಕಾಲು ಹಿಂದಕ್ಕೆಳೆದುಕೊಂಡರು.

‘ಅಕ್ಕಾ, ಅವತ್ತ ಗೇಟಿನ್ಯಾಗ…’

‘ಚಹಾ ಆರಾಕತ್ತೈತಿ.’

‘ನಾ ನಿನ್ನ ಗುರತ ಹಿಡದಿದ್ದೆ. ನಾಕ ಮಂದಿ ಹಿಂದ ಇದ್ದಾಗನ ಹಿಡದಿದ್ದೆ.’

‘ಗೊತ್ತೈತಿ’ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅದನ್ನು ಹಿಡಿದುಕೊಂಡು ಎಲ್ಲಿಗಾದರೂ ಹತ್ತಬಹುದಿತ್ತು. ‘ನಿನ್ನ ಮಾರಿ ನನಗ ಗೊತ್ತಿಲ್ಲೇನೋ? ಹಾಲ ಕದ್ದು ಕುಡದಾಗೂ ಹಂಗ ನೆಲಾ ನೋಡತಿದ್ದಿ.’

‘ಎಲ್ಲಾರ ಮುಂದ ಹೇಳತೇನಿ. ನಾಗರತ್ನಾಗ ಹೇಳತೇನಿ, ಮುದಕವ್ವಗ ಹೇಳತೇನಿ. ಹೇಳಲಿಲ್ಲಂದ್ರ ನನಗ…’ ನನಗೆ ಏನು? ನಿದ್ದೆಯಿಲ್ಲ? ಅಷ್ಟೇನಾ?

ಯಲ್ಲಕ್ಕ ಮೊದಲ ಸಲ ಅವರನ್ನು ನೇರವಾಗಿ ನೋಡಿದಳು. ‘ಹೇಳಬ್ಯಾಡ’ ಎಂದಳು. ‘ನೀ ಹೇಳಿದ್ರ, ನಾ ಅವಂಗ ತೋರಿಸಿದ್ದು ಸುಳ್ಳಾಕ್ಕೈತಿ. ಸತ್ತಾಂವಗ ನಾ ಸುಳ್ಳ ಹೇಳಿ ಕಳಿಸಿದಂಗ ಆಕ್ಕೈತಿ. ಈಗ ಅದು ಸುಳ್ಳಲ್ಲ, ಸಿದ್ದು. ಮುದಕವ್ವಗ ಗೊತ್ತೈತಿ, ಓಣ್ಯಾಗ ಗೊತ್ತೈತಿ, ಈಗ ನಾಗವ್ವನೂ ಹೌದಂದ್ಲು. ಇನ್ನ ನನಗೂ ಅದ ಖರೆ ಅನಸಾಕತ್ತೈತಿ. ನಿನ್ನ ಎದಿ ಹಗರ ಮಾಡ್ಕೊಳ್ಳಾಕ ಅದನ್ನ ಯಾಕ ಕೆಡವತಿ?’

ಅವರು ಬೇಡಿ ಬಂದದ್ದು ಕ್ಷಮೆಯಲ್ಲ, ಶಿಕ್ಷೆಯೂ ಅಲ್ಲ ಎಂದು ಆಗ ತಿಳಿಯಿತು. ಹೇಳಿಬಿಡುವ ಒಂದು ಅವಕಾಶ ಮಾತ್ರ. ಅದನ್ನೂ ಅವಳು ಮೆಲ್ಲಗೆ ಅವರ ಕೈಯಿಂದ ತೆಗೆದುಕೊಂಡಿದ್ದಳು, ಮಗುವಿನ ಕೈಯಿಂದ ಕುಡುಗೋಲು ತೆಗೆದುಕೊಳ್ಳುವ ಹಾಗೆ.

‘ನಡಿ ಅಕ್ಕಾ ಮನಿಗೆ. ಕರಿಯಾಕ ಬಂದೇನಿ’ ಎಂದರು. ದನಿ ತಗ್ಗಿತ್ತು. ‘ನಾಗರತ್ನಾ ಎಂಟ ದಿನಾ ಇಟಗೊಳ್ಳೂಣು ಅಂತಾಳ.’

‘ನಾಗವ್ವ ಅಂತಾಳ. ಚಲೋ ಹೆಣ್ಣಮಗಳು.’ ಅವಳು ಆರಿದ ಚಹಾದ ಬಟ್ಟಲನ್ನು ಬದಿಗೆ ಸರಿಸಿದಳು. ‘ಬರೂದಿಲ್ಲ, ತಮ್ಮಾ. ಸಿಟ್ಟಲ್ಲ. ಅವ ಸಾಯೂ ಮುಂದ ಒಂದು ತವರಮನಿ ನೋಡ್ಯಾನ, ನಾ ಹೇಳಿದ್ದು. ಅದರಾಗ ನೀ ಗೇಟ ಬಿಟ್ಟು ಓಡಿ ಬರತಿ, ನನ್ನ ಕೈ ಹಿಡಕೊಂಡು ಮನಿಗೆ ಕರಕೊಂಡು ಹೊಕ್ಕಿ. ನಾ ಈಗ ಗೋಕಾಕಕ್ಕ ಬಂದ್ರ, ಆ ಮನಿ ಉಳಿಯೂದಿಲ್ಲ. ನನಗ ಇರೂದು ಅದೊಂದ.’

ಹೊರಗೆ ಕುರಿದಡ್ಡಿಯಲ್ಲಿ ಕಟ್ಟಿದ ಮರಿಗಳು ಒದರತೊಡಗಿದವು. ಅವಳು ಎದ್ದು, ಹೊಸ ಸೀರೆಯ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ‘ಎರಡಕ್ಕ ತಾಯಿ ಇಲ್ಲ, ಬಾಟ್ಲಿ ಹಾಲ ಹಾಕಬೇಕು’ ಎಂದಳು, ಬೇರೆ ಯಾರಿಗೋ ಹೇಳುವಂತೆ. ‘ರೊಟ್ಟಿ ಬುಟ್ಟ್ಯಾಗ ಅದಾವ. ನಾಗವ್ವನ ಕರದು ಉಂಡು ಹೋಗ್ರಿ. ನಾ ಬರೂದು ತಡ ಆಕ್ಕೈತಿ.’ ಅವರು ಏಳಲು ನೋಡಿದರು. ಹಸಿ ನೆಲದ ಆಚೆ ಅವಳಿದ್ದಳು, ದಾಟಿ ಹೋಗುವುದು ಹೇಗೆಂದು ತೋಚಲಿಲ್ಲ. ಅವಳು ಹೊಸ್ತಿಲು ದಾಟಿದಳು. ಬಿಸಿಲು ಒಂದು ಕ್ಷಣ ಒಳಗೆ ಬಂದು ನೆಲದ ಮೇಲೆ ನಿಂತಿತು. ಕೋಳಿಗಳು ಒಳಗೆ ನುಗ್ಗದಿರಲೆಂದು, ದಿನವೂ ಮಾಡುವ ಹಾಗೆ, ಅವಳು ಹಿಂದಿರುಗಿ ನೋಡದೆ ಬಾಗಿಲನ್ನು ಎಳೆದುಕೊಂಡಳು.